ಮೊದಲು ತಲುಪಬೇಕಾದದ್ದು ‘ಬೇಡ’

ಬೆಂಗಳೂರಿನ ಒಂದು ರಕ್ತಪರೀಕ್ಷಾ ಕೇಂದ್ರವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಮಹಿಳೆಯೊಬ್ಬರು ಅದರ ವೆಬ್‌ಸೈಟ್ ತೆರೆದು, ಥೈರಾಯ್ಡ್ ಪರೀಕ್ಷೆ ಆರಿಸಿ, ಹೆಸರು, ವಿಳಾಸ, ಮೊಬೈಲ್ ನಂಬರ್, ಇಮೇಲ್ ತುಂಬಿ, ಮರುದಿನ ಬೆಳಿಗ್ಗೆ ಮನೆಗೇ ಬಂದು ರಕ್ತ ತೆಗೆದುಕೊಳ್ಳುವಂತೆ ಬುಕ್ ಮಾಡುತ್ತಾರೆ. ಅವರು ಮಾಹಿತಿ ಕೊಟ್ಟದ್ದು ಒಂದು ಲ್ಯಾಬಿಗೆ. ಅದು ಹೋಗುವುದು ಬುಕಿಂಗ್ ಸಾಫ್ಟ್‌ವೇರಿಗೆ, ಗ್ರಾಹಕರ ದಾಖಲೆ ಇಡುವ ಸಿಆರ್‌ಎಂಗೆ, ವಾಟ್ಸ್ಯಾಪ್ ಸಂದೇಶ ಕಳಿಸುವ ಸೇವೆಗೆ, ವೆಬ್‌ಸೈಟಿಗೆ ಎಷ್ಟು ಜನ ಬಂದರೆಂದು ಲೆಕ್ಕ ಇಡುವ ಟೂಲಿಗೆ, ಜಾಹೀರಾತು ಕಂಪನಿಯ ಪಿಕ್ಸೆಲ್‌ಗೆ, ಕೊನೆಗೆ ಮಾರ್ಕೆಟಿಂಗ್ ಏಜೆನ್ಸಿಯವರ ಎಕ್ಸೆಲ್ ಶೀಟಿಗೆ. ಎಲ್ಲವೂ ಒಂದಕ್ಕೊಂದು ಜೋಡಣೆಯಾಗಿರುವುದರಿಂದ ಇದಕ್ಕೆ ಅರ್ಧ ನಿಮಿಷವೂ ಬೇಕಾಗುವುದಿಲ್ಲ. ಈ ಜೋಡಣೆಯನ್ನು ಸುರಕ್ಷಿತವಾಗಿ ಮಾಡುವುದು ಹೇಗೆ ಎಂದು ಸಣ್ಣ ದೊಡ್ಡ ವ್ಯಾಪಾರದವರೆಲ್ಲ ಕೇಳುತ್ತಿದ್ದಾರೆ. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಇನ್ನೊಂದು ಪ್ರಶ್ನೆಯಿದೆ: ಏನು ಹೇಳಿ ಪಡೆದ ಮಾಹಿತಿಯನ್ನು ಯಾವ ಕೆಲಸಕ್ಕೆ ಬಳಸಬಹುದು?

ಸುರಕ್ಷತೆ ಎಂದ ಕೂಡಲೇ ನೆನಪಾಗುವುದು ಪಾಸ್‌ವರ್ಡ್, ಓಟಿಪಿ, ಎನ್‌ಕ್ರಿಪ್ಶನ್. ಅವು ಬೇಕೇ ಬೇಕು. ಆದರೆ ಅವನ್ನು ಮುಟ್ಟದೆಯೇ ಮಾಹಿತಿ ಸೋರಿಹೋಗುವುದನ್ನು 2025ರ ಆಗಸ್ಟ್‌ನಲ್ಲಿ ಜಗತ್ತು ಕಂಡಿತು. ಡ್ರಿಫ್ಟ್ ಎಂಬುದು ವೆಬ್‌ಸೈಟಿನ ಮೂಲೆಯಲ್ಲಿ ಕಾಣಿಸಿಕೊಂಡು ಗ್ರಾಹಕರೊಡನೆ ಚಾಟ್ ಮಾಡುತ್ತಿದ್ದ ತಂತ್ರಾಂಶ, ಸೇಲ್ಸ್‌ಲಾಫ್ಟ್ ಕಂಪನಿಯದು. ಬಳಸುತ್ತಿದ್ದ ಅನೇಕರು ಅದನ್ನು ಗ್ರಾಹಕರ ದಾಖಲೆ ಇಡುವ ತಮ್ಮ ಸೇಲ್ಸ್‌ಫೋರ್ಸ್ ಖಾತೆಗೆ ಜೋಡಿಸಿಕೊಂಡಿದ್ದರು. ಹಾಗೆ ಜೋಡಿಸುವಾಗ ಒಂದು ಟೋಕನ್ ಸೃಷ್ಟಿಯಾಗುತ್ತದೆ. ಅದು ಕೈಯಲ್ಲಿದ್ದರೆ ಪಾಸ್‌ವರ್ಡೂ ಬೇಡ, ಓಟಿಪಿಯೂ ಬೇಡ. ಕಳ್ಳರು ಕದ್ದದ್ದು ಈ ಟೋಕನ್‌ಗಳನ್ನು. ಏಳುನೂರಕ್ಕೂ ಹೆಚ್ಚು ಸಂಸ್ಥೆಗಳಿಗೆ ಇದರ ಬಿಸಿ ತಟ್ಟಿರಬಹುದೆಂದು ಗೂಗಲ್‌ನ ಭದ್ರತಾ ತಂಡದವರು ಅಂದಾಜಿಸಿದರು. ಅಂತರ್ಜಾಲ ಭದ್ರತೆಯೇ ಕಸುಬಾಗಿರುವ ಕ್ಲೌಡ್‌ಫ್ಲೇರ್, ಪಾಲೊ ಆಲ್ಟೊ ನೆಟ್‌ವರ್ಕ್ಸ್ ಕೂಡ ಆ ಪಟ್ಟಿಯಲ್ಲಿದ್ದವು. ಕಳುವಾದ ದಾಖಲೆಗಳನ್ನು ಜಾಲಾಡಿದಾಗ ಕ್ಲೌಡ್‌ಫ್ಲೇರ್‌ಗೆ ತನ್ನದೇ ಸೇವೆಯ 104 ಎಪಿಐ ಟೋಕನ್‌ಗಳು ಸಿಕ್ಕವು; ಸಹಾಯ ಕೇಳಿ ಬಂದ ಟಿಕೆಟ್‌ಗಳಲ್ಲಿ ಅವು ಸೇರಿಕೊಂಡಿದ್ದವು. ಚಾಟ್ ಮಾಡುವ ಟೂಲಿಗೆ ಟಿಕೆಟ್‌ಗಳ ಪೂರ್ತಿ ಒಕ್ಕಣೆ ಓದುವ ಅಧಿಕಾರ ಏಕೆ ಬೇಕು? ಜೋಡಿಸುವ ಹೊತ್ತಿಗೆ ಪರದೆಯ ಮೇಲೆ ಅನುಮತಿಗಳ ಉದ್ದ ಪಟ್ಟಿ ಬರುತ್ತದೆ, ಕೆಲಸ ಮುಗಿಯಲಿ ಎಂದು ಒಪ್ಪಿಗೆಯ ಗುಂಡಿ ಒತ್ತುತ್ತೇವೆ. ನಷ್ಟದ ಪ್ರಮಾಣ ತೀರ್ಮಾನವಾಗುವುದು ಆ ಕ್ಷಣದಲ್ಲೇ, ಕಳ್ಳ ಬರುವುದಕ್ಕೆ ಎಷ್ಟೋ ಮೊದಲು.

ಇನ್ನೊಂದು ಬಗೆಯ ಸೋರಿಕೆಯಲ್ಲಿ ಕಳ್ಳನೇ ಇರುವುದಿಲ್ಲ. 2022ರಲ್ಲಿ ಅಮೆರಿಕದ ‘ದಿ ಮಾರ್ಕಪ್’ ಪತ್ರಿಕೆಯವರು ಅಲ್ಲಿನ ನೂರು ಪ್ರಮುಖ ಆಸ್ಪತ್ರೆಗಳ ವೆಬ್‌ಸೈಟ್‌ಗಳನ್ನು ಪರೀಕ್ಷಿಸಿದರು. ಅವುಗಳಲ್ಲಿ 33 ವೆಬ್‌ಸೈಟ್‌ಗಳು, ರೋಗಿ ವೈದ್ಯರ ಭೇಟಿಗೆ ಸಮಯ ಕೇಳುವಾಗಲೇ ಆ ವಿವರವನ್ನು ಮೆಟಾ ಪಿಕ್ಸೆಲ್ ಮೂಲಕ ಫೇಸ್‌ಬುಕ್‌ಗೆ ರವಾನಿಸುತ್ತಿದ್ದವು. ಪಿಕ್ಸೆಲ್ ಎಂದರೆ ಪುಟದೊಳಗೆ ಸೇರಿಸುವ ನಾಲ್ಕಾರು ಸಾಲಿನ ಕೋಡ್. ಯಾವ ಜಾಹೀರಾತು ನೋಡಿ ಜನ ಬಂದರು ಎಂದು ತಿಳಿಯಲು ಅದನ್ನು ಹಾಕುತ್ತಾರೆ. ಅದು ತೆರೆದ ಪುಟದ ವಿಳಾಸವನ್ನೂ ಒಯ್ಯುತ್ತದೆ. ಆ ವಿಳಾಸದಲ್ಲೇ ವೈದ್ಯರ ಹೆಸರೋ ಕಾಯಿಲೆಯ ಹೆಸರೋ ಇದ್ದರೆ ಅದೂ ಹೋಯಿತು. ನಮ್ಮ ಲ್ಯಾಬಿನ ಪುಟದ ವಿಳಾಸದಲ್ಲಿ ‘ಥೈರಾಯ್ಡ್’ ಎಂದಿದ್ದರೆ ಸಾಕು. ಔಷಧಗಳ ರಿಯಾಯಿತಿ ಕೂಪನ್ ಕೊಡುವ ಗುಡ್‌ಆರ್‌ಎಕ್ಸ್ ಕಂಪನಿ ಬಳಕೆದಾರರ ಆರೋಗ್ಯದ ಮಾಹಿತಿಯನ್ನು ಹೀಗೆ ಜಾಹೀರಾತು ಕಂಪನಿಗಳಿಗೆ ಕೊಟ್ಟಿತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಪ್ರಕರಣ ಹೂಡಿತು. 15 ಲಕ್ಷ ಡಾಲರ್ ದಂಡ ಕಟ್ಟಲು ಕಂಪನಿ ಒಪ್ಪಿಕೊಂಡಿತು.

ಮೊಬೈಲ್ ನಂಬರೂ ಹೀಗೆ ಹೋಗುವುದಿಲ್ಲವೇ ಎಂದರೆ ಟೂಲ್ ಮಾರುವವರ ಬಳಿ ಒಂದು ಸಿದ್ಧ ಉತ್ತರವಿದೆ: “ನಾವು ನಂಬರನ್ನು ಹಾಗೇ ಕಳಿಸುವುದಿಲ್ಲ, ಹ್ಯಾಶ್ ಮಾಡಿ ಕಳಿಸುತ್ತೇವೆ.” ಅಂದರೆ ಮೊಬೈಲ್ ನಂಬರನ್ನು ಗಣಿತದ ಸೂತ್ರಕ್ಕೆ ಕೊಟ್ಟು, ಅರ್ಥವಾಗದ ಅಕ್ಷರಗಳ ಸಾಲಾಗಿ ಬದಲಿಸುವುದು. ಈ ಉತ್ತರವನ್ನು ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ನಮ್ಮ ದೇಶದ ಮೊಬೈಲ್ ನಂಬರಿಗೆ ಹತ್ತು ಅಂಕಿ, ಮೊದಲನೆಯದು 6ರಿಂದ 9ರೊಳಗೆ. ಹಾಗಾದರೆ ಇರಬಹುದಾದ ಒಟ್ಟು ನಂಬರ್‌ಗಳು 400 ಕೋಟಿ. ಗೇಮ್ ಆಡುವವರು ಕೊಳ್ಳುವಂಥ ಒಳ್ಳೆಯ ಗ್ರಾಫಿಕ್ಸ್ ಕಾರ್ಡಿಗೆ ಅಷ್ಟಕ್ಕೂ ಹ್ಯಾಶ್ ಲೆಕ್ಕ ಹಾಕಲು ಕೆಲವೇ ಸೆಕೆಂಡು ಸಾಕು. ಆಮೇಲೆ ಪಟ್ಟಿ ಹೋಲಿಸಿದರೆ ನಂಬರ್ ಸಿಕ್ಕಿತು. ಅಷ್ಟು ಕಷ್ಟವೂ ಬೇಕಿಲ್ಲ: ಜಾಹೀರಾತು ಕಂಪನಿಯ ಬಳಿ ಆ ನಂಬರ್ ಮೊದಲೇ ಇರುತ್ತದೆ, ಹೊಂದಿಸಿ ನೋಡಲೆಂದೇ ಹ್ಯಾಶನ್ನು ಕಳಿಸುವುದು. ದಾರಿಯಲ್ಲಿ ಕದ್ದವನಿಂದ ಅಷ್ಟಿಷ್ಟು ರಕ್ಷಣೆ ಸಿಗಬಹುದು, ಪಡೆದುಕೊಂಡವನಿಂದ ಏನೇನೂ ಸಿಗುವುದಿಲ್ಲ.

ಹಾಗೆಂದು ಜೋಡಣೆಯೇ ಬೇಡವೆನ್ನುವುದು ತಪ್ಪಾಗುತ್ತದೆ. ಜಾಹೀರಾತಿಗೆ ತಿಂಗಳಿಗೆ ಇಪ್ಪತ್ತು ಸಾವಿರ ಹಾಕುವ ಸಣ್ಣ ವ್ಯಾಪಾರಿಗೆ ಆ ದುಡ್ಡು ಎಲ್ಲಿ ಹೋಯಿತೆಂದು ತಿಳಿಯಬೇಕು. ಗ್ರಾಹಕರಿಗೂ ಅನುಕೂಲವಿದೆ, ಫೋನ್ ಮಾಡಿದಾಗಲೆಲ್ಲ ಹೆಸರು, ವಿಳಾಸ ಮೊದಲಿನಿಂದ ಒಪ್ಪಿಸಬೇಕಾಗಿಲ್ಲ. ನನ್ನ ವಾದ ನಿಂತಿರುವುದು ಇದಕ್ಕಿಂತ ಬಲವಾದ ಕಾರಣದ ಮೇಲೆ. ಗ್ರಾಹಕರ ‘ಬೇಡ’ವನ್ನು ಪಾಲಿಸುವುದಕ್ಕೇ ಜೋಡಣೆ ಬೇಕು.

ಅದೇ ಮಹಿಳೆ ಮುಂದೊಂದು ದಿನ ವಾಟ್ಸ್ಯಾಪ್‌ನಲ್ಲಿ ‘ಸ್ಟಾಪ್’ ಎಂದು ಉತ್ತರಿಸುತ್ತಾರೆ ಎನ್ನೋಣ. ಆ ಸಂದೇಶ ವಾಟ್ಸ್ಯಾಪ್ ಸೇವೆಯಲ್ಲೇ ನಿಂತುಹೋಗುತ್ತದೆ. ಇಮೇಲ್ ಬರುತ್ತಲೇ ಇರುತ್ತದೆ. ಏಜೆನ್ಸಿಯ ಶೀಟಿನಲ್ಲಿ ನಂಬರ್ ಇದೆಯಲ್ಲ, ಅಲ್ಲಿಂದ ಫೋನ್: “ಮೇಡಂ, ಫುಲ್ ಬಾಡಿ ಚೆಕಪ್‌ಗೆ ಆಫರ್ ಇದೆ.” ಹೆಸರನ್ನು ಆರು ಕಡೆ ಹಂಚಲು ದಾರಿ ಮಾಡಿಕೊಂಡವರು ನಿರಾಕರಣೆಯನ್ನು ಹಂಚಲು ಒಂದು ದಾರಿಯನ್ನೂ ಮಾಡಿಕೊಂಡಿಲ್ಲ. ಮೊದಲು ಕಟ್ಟಬೇಕಾದದ್ದು ಈ ದಾರಿಯನ್ನೇ ಎಂದು ನಾನು ನಂಬುತ್ತೇನೆ. ‘ಬೇಡ’ವನ್ನು ಸ್ವೀಕರಿಸಲಾರದ ಟೂಲಿಗೆ ಹೆಸರನ್ನೂ ಕೊಡಬಾರದು. ಈ ಒಂದು ನಿಯಮ ಹಿಡಿದರೆ ಎಕ್ಸೆಲ್ ಶೀಟಿನ ಕಥೆ ಅಲ್ಲೇ ಮುಗಿಯುತ್ತದೆ, ಏಕೆಂದರೆ ಏಜೆನ್ಸಿಯವರ ಲ್ಯಾಪ್‌ಟಾಪಿನಲ್ಲಿರುವ ಪ್ರತಿಗೆ ಯಾವ ಸುದ್ದಿಯೂ ತಲುಪುವುದಿಲ್ಲ. ಜಾಹೀರಾತು ಕಂಪನಿಗೆ ಒಂದು ಬುಕಿಂಗ್ ಆಯಿತು ಎಂಬಷ್ಟೇ ಹೋಗಲಿ. ಯಾರದು, ಯಾವ ಪರೀಕ್ಷೆ ಎಂಬುದು ಬೇಕಿಲ್ಲ. ಒಳಗಿನ ಟೂಲ್‌ಗಳ ನಡುವೆ ಮೊಬೈಲ್ ನಂಬರಿನ ಬದಲು, ಹೊರಗಿನವರಿಗೆ ಅರ್ಥವಿಲ್ಲದ ಒಂದು ಗುರುತಿನ ಸಂಖ್ಯೆ ಓಡಾಡಲಿ. ಕೆಲಸ ಬಿಟ್ಟುಹೋದವರು ಮಾಡಿದ್ದ ಜೋಡಣೆಗಳ ಟೋಕನ್ ಅದೇ ದಿನ ರದ್ದಾಗಲಿ.

ನಮ್ಮ ಕಾನೂನೂ ಇದೇ ದಿಕ್ಕಿನಲ್ಲಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪಿನ ಬೆನ್ನಿಗೆ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಒಂದು ಉದಾಹರಣೆಯನ್ನು ಕೊಟ್ಟಿದ್ದಾರೆ. ಫೋನಿನಲ್ಲೇ ವೈದ್ಯರ ಸಲಹೆ ಒದಗಿಸುವ ಆ್ಯಪ್ ಒಂದು, ಚಿಕಿತ್ಸೆಗೆ ಬೇಕಾದ ಮಾಹಿತಿಯ ಜೊತೆಗೆ ಫೋನಿನಲ್ಲಿರುವ ಸಂಪರ್ಕಗಳ ಪಟ್ಟಿಯನ್ನೂ ಕೇಳುತ್ತದೆ. ಬಳಕೆದಾರರು ಎರಡಕ್ಕೂ ಒಪ್ಪುತ್ತಾರೆ. ಆದರೂ ಚಿಕಿತ್ಸೆಗೆ ಆ ಪಟ್ಟಿಯ ಅಗತ್ಯವಿಲ್ಲದ ಕಾರಣ ಒಪ್ಪಿಗೆ ಅಲ್ಲಿಗೆ ಸಲ್ಲುವುದಿಲ್ಲ. ‘ಹೌದು’ ಎಂದರೂ ಅಗತ್ಯ ಮೀರಿದ್ದಕ್ಕೆ ಅದು ಅನ್ವಯಿಸದು ಎಂಬ ಈ ಮಾತು ಜೋಡಣೆ ಮಾಡುವ ಪ್ರತಿಯೊಬ್ಬರ ಮೇಜಿನ ಮೇಲಿರಬೇಕು. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕು, ಹಿಂಪಡೆದಾಗ ತಾನು ನಿಲ್ಲಿಸುವುದಲ್ಲದೆ ತನ್ನ ಪರವಾಗಿ ಕೆಲಸ ಮಾಡುವ ಕಂಪನಿಗಳಿಂದಲೂ ನಿಲ್ಲಿಸಬೇಕು ಎಂದೂ ಕಾಯ್ದೆ ಹೇಳುತ್ತದೆ. ‘ತಪ್ಪು ಏಜೆನ್ಸಿಯದು’ ಎಂದು ಲ್ಯಾಬಿನವರು ಜಾರಿಕೊಳ್ಳುವಂತಿಲ್ಲ. ತಕ್ಕ ಭದ್ರತೆ ವಹಿಸದಿದ್ದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಕರ್ತವ್ಯಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ.

ಆ ಅವಧಿಯಲ್ಲಿ ಆಗಬೇಕಾದ ಇನ್ನೊಂದು ಕೆಲಸವಿದೆ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಗ್ರಾಹಕರಿಗೆ ಇರಬೇಕು ಎನ್ನುತ್ತದೆ ಕಾಯ್ದೆ. ಕನ್ನಡವೂ ಅದರಲ್ಲಿದೆ. ಈ ಸೂಚನೆಯನ್ನು ಯಂತ್ರಕ್ಕೆ ಕೊಟ್ಟು ಅನುವಾದಿಸಿ ಅಂಟಿಸಿದರೆ ಪ್ರಯೋಜನವಿಲ್ಲ. ‘ನಿಮ್ಮ ಮೊಬೈಲ್ ನಂಬರನ್ನು ವರದಿ ಕಳಿಸಲು ವಾಟ್ಸ್ಯಾಪ್ ಸೇವೆಗೆ ಕೊಡುತ್ತೇವೆ, ಜಾಹೀರಾತಿಗೆ ಕೊಡುವುದಿಲ್ಲ, ಬೇಡವೆಂದರೆ ಇಲ್ಲಿ ಒತ್ತಿ, ಎಲ್ಲ ಕಡೆಯಿಂದ ತೆಗೆಯುತ್ತೇವೆ’ ಎಂದು ಬರೆಯಬೇಕು. ಹೀಗೆ ಬರೆಯಲು ಕೂತ ಲ್ಯಾಬಿನವರು ಆ ‘ಎಲ್ಲ ಕಡೆ’ ಎಂದರೆ ಯಾವ ಯಾವ ಕಡೆ ಎಂದು ಮೊದಲು ತಾವೇ ಪಟ್ಟಿ ಮಾಡಿಕೊಳ್ಳಬೇಕಾಗುತ್ತದೆ.