ದಡ್ಡ ಅಂದವರು ಯಾರು?

ನಮ್ಮ ಕೇರಿಯ ಮಗುವಿಗೆ ಎರಡು ಸಲ ಹೆಸರಿಡುತ್ತಾರೆ. ಮೊದಲನೆಯದು ಅವ್ವ ಅಪ್ಪ ಇಟ್ಟ ಹೆಸರು. ಎರಡನೆಯದು ಇಸ್ಕೂಲಿನಲ್ಲಿ ಇಟ್ಟದ್ದು: ದಡ್ಡ. ಮೊದಲ ಹೆಸರು ಹಾಜರಿ ಪುಸ್ತಕದಲ್ಲಿ ಉಳಿಯುತ್ತದೆ. ಎರಡನೆಯದು ಮಗುವಿನ ತಲೆಯೊಳಗೆ ಉಳಿಯುತ್ತದೆ. ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಶಾಲೆಗಳಲ್ಲಿ ಓದಿ ನಮ್ಮ ನಮ್ಮ ಮನೆಗಳಿಗೆ ಮೊದಲ ಡಿಗ್ರಿ ತಂದ ನಾವು ಈ ಎರಡನೇ ಹೆಸರನ್ನು ಹೊತ್ತೇ ಬಂದವರು. “ಈ ಐಕ್ಳ ತಲಗ ಓದು ಹತ್ತದಿಲ್ಲ, ಕುರಿ ಮೇಯ್ಸಕ್ಕ ಕಳ್ಸಿ” ಎಂಬ ಮಾತು ನಮ್ಮಲ್ಲಿ ಯಾರ ಕಿವಿಗೂ ಹೊಸದಲ್ಲ.

ಈಗ ಶಿಕ್ಷಕರ ತರಬೇತಿಗಳಲ್ಲಿ ಹೊಸ ಮಾತೊಂದು ಕೇಳುತ್ತಿದೆ. ಗ್ರೋತ್ ಮೈಂಡ್‌ಸೆಟ್. ಬುದ್ಧಿ ಹುಟ್ಟುವಾಗಲೇ ಅಳೆದು ಕೊಟ್ಟದ್ದಲ್ಲ, ಬಳಸಿದಷ್ಟೂ ಬೆಳೆಯುವಂಥದ್ದು. “ನನಗೆ ಬರಲ್ಲ” ಅನ್ನುವ ಮಗು “ನನಗೆ ಇನ್ನೂ ಬಂದಿಲ್ಲ” ಅನ್ನಲು ಕಲಿಯಬೇಕು ಎಂದು ಇದರ ಅರ್ಥ. ಅಮೆರಿಕದ ಮನಶ್ಶಾಸ್ತ್ರಜ್ಞೆ ಕರೋಲ್ ಡ್ವೆಕ್ 2006ರಲ್ಲಿ ಬರೆದ ಪುಸ್ತಕದಿಂದ ಇದು ಜಗತ್ತೆಲ್ಲ ಹರಡಿತು. ಮಾತು ನಿಜ. ನಮಗೆ ಅದರ ಮೇಲೆ ಸಿಟ್ಟಿಲ್ಲ. ಆದರೆ ಅದನ್ನು ಮೊದಲು ಯಾರಿಗೆ ಹೇಳಬೇಕು ಎಂಬಲ್ಲಿ ನಮ್ಮ ತಕರಾರಿದೆ.

ಬುದ್ಧಿ ಹುಟ್ಟಿನಿಂದ ಬರುತ್ತದೆ ಎಂದು ಈ ನೆಲದಲ್ಲಿ ಹೇಳಿಕೊಂಡು ಬಂದವರು ಯಾರು? ನಮ್ಮ ಐಕಳೇನು? ಬಾಯಿಂದ ಹುಟ್ಟಿದವನು ಓದಲಿ, ಪಾದದಿಂದ ಹುಟ್ಟಿದವನು ದುಡಿಯಲಿ, ಪಾದಕ್ಕೂ ಸೇರದವನು ಊರಾಚೆ ಬಿದ್ದಿರಲಿ ಎಂದ ವರ್ಣವ್ಯವಸ್ಥೆ ಹೇಳಿತು. ಬುದ್ಧಿ ಅಳೆಯುವ ಪರೀಕ್ಷೆಯನ್ನು 1905ರಲ್ಲಿ ಮಾಡಿದ ಫ್ರಾನ್ಸಿನ ಆಲ್ಫ್ರೆಡ್ ಬಿನೆ ಕೂಡ, ಬುದ್ಧಿ ಹೆಚ್ಚಲಾರದು ಎನ್ನುವವರನ್ನು 1909ರಲ್ಲೇ ಖಂಡಿಸಿದ್ದ. ಹಿಂದೆ ಬಿದ್ದ ಮಗುವಿಗೆ ನೆರವಾಗಲೆಂದು ಅವನು ಮಾಡಿದ ಅಳತೆಗೋಲನ್ನು ಆಮೇಲೆ ಬೇರೆಯವರು ಮಕ್ಕಳನ್ನು ಜರಡಿ ಹಿಡಿಯಲು ಬಳಸಿದರು. ನಮ್ಮಲ್ಲಿ ಅಳತೆಗೋಲೂ ಬೇಕಾಗಲಿಲ್ಲ. ಜಾತಿ ಕಾಲಂ ಒಂದೇ ಸಾಕಾಯಿತು.

ಇದು ಬರೀ ಬಾಯಿಮಾತಲ್ಲ. ಕಾರ್ಲಾ ಹಾಫ್, ಪ್ರಿಯಾಂಕಾ ಪಾಂಡೆ ಎಂಬ ಸಂಶೋಧಕರು ಉತ್ತರ ಪ್ರದೇಶದ ಹಳ್ಳಿಗಾಡಿನಲ್ಲಿ ಮೇಲ್ಜಾತಿಯ 321 ಹುಡುಗರಿಗೆ, ಕೆಳಜಾತಿಯ 321 ಹುಡುಗರಿಗೆ ಕಾಗದದ ಮೇಲೆ ದಾರಿ ಹುಡುಕುವ ಒಗಟುಗಳನ್ನು ಬಿಡಿಸಲು ಕೊಟ್ಟರು. ಯಾರ ಜಾತಿ ಯಾವುದೆಂದು ಹೇಳದಿದ್ದಾಗ ಎರಡು ಕಡೆಯವರೂ ಸರಿಸಮ. ಹೆಸರು, ಜಾತಿಯನ್ನು ಎಲ್ಲರೆದುರು ಓದಿ ಹೇಳಿದಾಗ ಕೆಳಜಾತಿಯ ಹುಡುಗರು ಬಿಡಿಸಿದ ಒಗಟುಗಳ ಲೆಕ್ಕ ಇಳಿಯಿತು. 2006ರಲ್ಲಿ ಅಚ್ಚಾದ ಅಧ್ಯಯನ ಇದು. ಅಂಥವೇ ತಲೆಗಳು, ಅಂಥವೇ ಒಗಟುಗಳು. ಹೊಸದಾಗಿ ಸೇರಿದ್ದು ಜಾತಿಯ ಕೂಗು. ಹಾಗಾದರೆ ರೋಗ ಮಗುವಿನ ತಲೆಯಲ್ಲಿತ್ತೋ, ಕೂಗಿದವರ ಬಾಯಲ್ಲಿತ್ತೋ? ಸ್ಕಾಲರ್‌ಶಿಪ್ಪಿನ ದಿನ “ಎಸ್ಸಿ ಐಕ್ಳೆಲ್ಲ ಎದ್ದು ನಿಂತ್ಕಳಿ” ಎಂದು ಕೂಗುವ ಮೇಷ್ಟ್ರು ಇದಕ್ಕೆ ಉತ್ತರ ಹೇಳಲಿ.

ನಮ್ಮ ಸೀಮೆಯಲ್ಲಿ ಬುದ್ಧಿಗೆ ಬರ ಬಂದದ್ದು ಯಾವಾಗ? ಮಲೆ ಮಾದಪ್ಪನ ಕತೆಯನ್ನು ರಾತ್ರಿಯೆಲ್ಲ ಹಾಡುವ ದೇವರಗುಡ್ಡರು, ಮಂಟೇಸ್ವಾಮಿಯ ಕತೆ ಹೇಳುವ ನೀಲಗಾರರು ಯಾವ ಪುಸ್ತಕ ಮುಂದಿಟ್ಟುಕೊಂಡು ಕಲಿತರು? ಕಂಸಾಳೆ ಹಿಡಿದ ಹುಡುಗನಿಗೆ ಮೊದಮೊದಲು ತಾಳ ತಪ್ಪುತ್ತದೆ, ಬೆರಳಿಗೆ ಪೆಟ್ಟಾಗುತ್ತದೆ. ಕಲಿಸುವವನು “ಇನ್ನೊಂದ್ಸಲ ಹೊಡಿ ಮಗ” ಅನ್ನುತ್ತಾನೆ. ಹೊಡೆದು ಹೊಡೆದು ಒಂದು ದಿನ ಅದೇ ಹುಡುಗ ಕುಣಿಯುತ್ತ, ಕಂಸಾಳೆ ಬೀಸುತ್ತ, ಕತೆಯ ಎಳೆ ತಪ್ಪದಂತೆ ಹಾಡುತ್ತಾನೆ. ಗಡಿಯಾಚೆ ತಾಳವಾಡಿ ಪಕ್ಕದ ದೊಡ್ಡಗಾಜನೂರಿನ ಮುತ್ತುರಾಜ ಪ್ರೈಮರಿಯಲ್ಲೇ ಶಾಲೆ ಬಿಟ್ಟವರು. ನಾಟಕ ಕಂಪನಿಯಲ್ಲಿ ಸಣ್ಣಪುಟ್ಟ ಪಾರ್ಟು ಮಾಡುತ್ತ, ತಿದ್ದಿಕೊಳ್ಳುತ್ತ ಬೆಳೆದು ರಾಜಕುಮಾರ್ ಆದರು. ಬುದ್ಧಿ ಬೆಳೆಯುತ್ತದೆ ಎಂಬುದನ್ನು ನಮ್ಮ ಜನಕ್ಕೆ ಅಮೆರಿಕದಿಂದ ಯಾರೂ ಬಂದು ಹೇಳಬೇಕಾಗಿರಲಿಲ್ಲ.

ಏಕಲವ್ಯನಿಗೆ ಮನೋಭಾವದ ಕೊರತೆ ಇತ್ತೆ? ಮಣ್ಣಿನ ಬೊಂಬೆಯ ಮುಂದೆ ನಿಂತು ಒಬ್ಬನೇ ಬಿಲ್ವಿದ್ಯೆ ಕಲಿತ. ಬೆಳೆದದ್ದೇ ತಪ್ಪಾಯಿತು. ತರಬೇತಿ ಬೇಕಾಗಿದ್ದುದು ಹೆಬ್ಬೆರಳು ಕೊಟ್ಟವನಿಗೋ, ಕೇಳಿದವನಿಗೋ?

ಆದ್ದರಿಂದ ಗೋಡೆಗೆ “ನೀನು ಮಾಡಬಲ್ಲೆ” ಎಂಬ ಚಾರ್ಟು ಅಂಟಿಸಿ ಕೈ ತೊಳೆದುಕೊಳ್ಳುವ ಬೂಟಾಟಿಕೆ ನಮಗೆ ಬೇಡ. ಇಂಗ್ಲೆಂಡಿನಲ್ಲಿ ನೂರು ಶಾಲೆಗಳಲ್ಲಿ ಈ ಪಾಠ ಹೇಳಿ ನೋಡಿದರು. 2019ರಲ್ಲಿ ಬಂದ ವರದಿಯ ಪ್ರಕಾರ, ಪಾಠ ಕೇಳಿದ ಮಕ್ಕಳು ಓದಿನಲ್ಲಾಗಲಿ ಗಣಿತದಲ್ಲಾಗಲಿ ಕೇಳದವರಿಗಿಂತ ಮುಂದೆ ಹೋಗಿರಲಿಲ್ಲ. ಅಲ್ಲೇ ಹಾಗಾದರೆ ಇಲ್ಲಿ? ಅವ್ವ ಅಪ್ಪ ಕೊಡಗಿಗೋ ವಯನಾಡಿಗೋ ಕೂಲಿಗೆ ಹೋದಾಗ ಜೊತೆಗೆ ಹೋದ ಮಗು ತಿಂಗಳು ಬಿಟ್ಟು ಬಂದು ಕೂತರೆ ಪಾಠ ಹತ್ತು ಪುಟ ಮುಂದೆ ಓಡಿರುತ್ತದೆ. ಆ ಮಗುವಿಗೆ ಬೇಕಾದವರು ಬಿಟ್ಟ ಪುಟದಿಂದ ಮತ್ತೆ ಶುರು ಮಾಡುವ ಮೇಷ್ಟ್ರು.

ಅಂಥ ದಾರಿ ನಮ್ಮ ನೆರೆಯಲ್ಲೇ ಹುಟ್ಟಿತ್ತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿಯ ಕ್ರಮ ನೋಡಿ ಬಂದು, ಯುನಿಸೆಫ್ ನೆರವಿನಿಂದ ನಲಿಕಲಿಯನ್ನು ಕಟ್ಟಿದರು. ಆಗ ನಮ್ಮ ತಾಲ್ಲೂಕುಗಳೂ ಅದೇ ಮೈಸೂರು ಜಿಲ್ಲೆಯಲ್ಲಿದ್ದವು. ಚಾಮರಾಜನಗರ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ನಲಿಕಲಿಯಲ್ಲಿ ಪಾಠವನ್ನು ಸಣ್ಣ ಸಣ್ಣ ಕಾರ್ಡುಗಳಾಗಿ ಮುರಿದು ಏಣಿಯ ಮೆಟ್ಟಿಲಿನಂತೆ ಜೋಡಿಸಿದರು. ಪ್ರತಿ ಮಗುವೂ ತನ್ನ ನಡಿಗೆಯಲ್ಲಿ ಹತ್ತಬೇಕು. ನಾಲ್ಕು ವಾರ ಬಾರದ ಮಗು ಬಂದ ದಿನ ತಾನು ನಿಂತ ಮೆಟ್ಟಿಲಿಂದಲೇ ಹತ್ತಬೇಕು. ಅಲ್ಲಿ ಫೇಲು ಎಂಬ ಮಾತಿಗೆ ಜಾಗವೇ ಇರಲಿಲ್ಲ. ‘ಇನ್ನೂ ಬಂದಿಲ್ಲ’ ಎಂಬುದನ್ನು ಕೆಲಸದಲ್ಲಿ ತೋರಿಸಿದ್ದು ಇದು.

2009-10ರಲ್ಲಿ ಸರ್ಕಾರ ಇದನ್ನು ರಾಜ್ಯಕ್ಕೆಲ್ಲ ಹಬ್ಬಿಸಿತು. ಸಾಲದಷ್ಟು ಮೇಷ್ಟ್ರುಗಳನ್ನು ಕೊಟ್ಟು ಹಬ್ಬಿಸಿದರೆ ಏನಾದೀತು? ಒಬ್ಬರೇ ಮೂರು ತರಗತಿ ನೋಡಿಕೊಂಡು ಬಿಸಿಯೂಟದ ಲೆಕ್ಕವನ್ನೂ ಬರೆಯುವ ಶಾಲೆಯಲ್ಲಿ ಏಣಿ ಬರೀ ಗೋಡೆಯ ಚಿತ್ರವಾಗುತ್ತದೆ. ಇತ್ತ 2023ರಲ್ಲಿ ಐದನೇ ತರಗತಿಯ ಮಕ್ಕಳಿಗೇ ಬೋರ್ಡ್ ಮಟ್ಟದ ಪರೀಕ್ಷೆ ತಂದರು. 2024ರಲ್ಲಿ ಅದು ಸುಪ್ರೀಂ ಕೋರ್ಟಿನ ತಡೆಯವರೆಗೆ ಹೋಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ತನ್ನ ಶಾಲೆಗಳ ಐದು, ಎಂಟನೇ ತರಗತಿಗಳಲ್ಲಿ ಮಕ್ಕಳನ್ನು ಮತ್ತೆ ಫೇಲು ಮಾಡಲು ದಾರಿ ಮಾಡಿತು. ಒಂದು ಕೈಯಲ್ಲಿ ಬೆಳೆಯುವ ಬುದ್ಧಿಯ ಉಪದೇಶ, ಇನ್ನೊಂದು ಕೈಯಲ್ಲಿ ಫೇಲಿನ ಮುದ್ರೆ!

ಬಯ್ಯುವ ಮೇಷ್ಟ್ರಿಗಿಂತ ಮರುಗುವ ಮೇಷ್ಟ್ರು ನಮಗೆ ಹೆಚ್ಚು ಭಯ. “ಪಾಪ, ಕೂಲಿಯೋರ ಮಗ, ಪಾಸಾದ್ರ ಸಾಕು ಬುಡಿ” ಎಂದು ಕಷ್ಟದ ಲೆಕ್ಕವನ್ನು ಮಗುವಿನ ಮುಂದಿಂದ ಎತ್ತಿಬಿಡುತ್ತಾರೆ. ಅದು ಕರುಣೆಯ ಬೇಲಿ. ಜಾಣ ಎಂಬ ಹೊಗಳಿಕೆಯೂ ಅಷ್ಟೇ ಪೊಳ್ಳು. ಡ್ವೆಕ್ ಮತ್ತು ಜೊತೆಗಾರ್ತಿ 1998ರಲ್ಲಿ ತೋರಿಸಿದಂತೆ, ‘ನೀನು ಜಾಣ’ ಎಂದು ಹೊಗಳಿಸಿಕೊಂಡ ಮಕ್ಕಳೇ ಕಷ್ಟದ ಲೆಕ್ಕದಿಂದ ಹಿಂಜರಿದರು. ದಡ್ಡನೂ ಬೇಡ, ಜಾಣನೂ ಬೇಡ. ನಮ್ಮ ಐಕಳಿಗೆ ಕಷ್ಟದ ಲೆಕ್ಕ ಕೊಡಿ, ಬರುವ ತನಕ ಪಕ್ಕದಲ್ಲಿ ಕೂತಿರಿ.

ಹಳ್ಳಿಯ ಮೇಷ್ಟ್ರುಗಳೇ, ನಿಮ್ಮಲ್ಲಿ ಅನೇಕರು ನಮ್ಮವರೇ. ನಿಮ್ಮನ್ನು ಕೇಳುವುದು ಇಷ್ಟು. ತರಗತಿಯಲ್ಲಿ ಜಾತಿ ಕೂಗಬೇಡಿ. ಕಸಬರಿಕೆ, ನೀರಿನ ಬಿಂದಿಗೆ ಒಂದೇ ಕೇರಿಯ ಕೈಗೆ ಹೋಗದಿರಲಿ. ಮುಂದಿನ ಸಾಲು ಎಲ್ಲರಿಗೂ ಸರದಿಯಲ್ಲಿ ಬರಲಿ. ತಪ್ಪು ಲೆಕ್ಕದ ಮೇಲೆ ಕೆಂಪು ಗೀಟು ಎಳೆಯುವ ಬದಲು ಎಲ್ಲಿ ತಪ್ಪಿತು ಎಂದು ಪಕ್ಕದಲ್ಲಿ ಬರೆಯಿರಿ. ಗೈರಾದ ಮಗು ಬಂದ ದಿನ “ಎಲ್ಲೋಗಿದ್ದ?” ಎಂದು ಗದರುವ ಮುಂಚೆ “ಎಲ್ಲಿಗಂಟ ಕಲ್ತಿದ್ದ?” ಎಂದು ಕೇಳಿ. ಓದಿದ ಗೆಳೆಯರೇ, ಡಿಗ್ರಿ ತಂದ ನಾವು ಸಂಜೆ ಒಂದು ತಾಸು ಕೇರಿಯ ಐಕಳ ಜೊತೆ ಕೂರೋಣ. ಮೇಷ್ಟ್ರಿಲ್ಲದ ಶಾಲೆಗೆ ಮೇಷ್ಟ್ರು ಬರುವ ತನಕ ತಾಲ್ಲೂಕು ಆಫೀಸಿನ ಮುಂದೆಯೂ ಕೂರೋಣ.

ಇಷ್ಟನ್ನು ಮಾಡದೆ ಮನೋಭಾವ ಬದಲಿಸಿಕೋ ಎಂದು ಮಗುವಿಗೆ ಹೇಳಬೇಡಿ. ಅದರ ಮನೋಭಾವ ಸರಿಯಾಗೇ ಇದೆ. ದಡ್ಡ ಅನ್ನಿಸಿಕೊಂಡೂ ನಾಳೆ ಬೆಳಿಗ್ಗೆ ಅದು ಸ್ಲೇಟು ಹಿಡಿದು ಶಾಲೆಗೆ ಬರುತ್ತದೆ.