ಕರೆನಿನ್ ಕೊಟ್ಟ ಕ್ಷಮೆ

ಕಾದಂಬರಿಗಳಲ್ಲಿ ಕ್ಷಮೆಯ ಮಹಿಮೆ ಎಂದರೆ ಸಾಮಾನ್ಯವಾಗಿ ನೆನಪಾಗುವುದು ವಿಕ್ಟರ್ ಹ್ಯೂಗೋನ ಬಿಷಪ್. ಬೆಳ್ಳಿ ಪಾತ್ರೆ ಕದ್ದವನಿಗೆ ದೀಪದ ಕಂಬಗಳನ್ನೂ ಕೊಟ್ಟು ಕಳಿಸಿದ, ಕಳ್ಳ ಸಜ್ಜನನಾದ. ಟಾಲ್‌ಸ್ಟಾಯ್‌ನಲ್ಲಿ ಲೆಕ್ಕ ಅಷ್ಟು ಸಲೀಸಾಗಿ ಚುಕ್ತಾ ಆಗುವುದಿಲ್ಲ.

1878ರಲ್ಲಿ ಪುಸ್ತಕವಾಗಿ ಹೊರಬಂದ 'ಅನ್ನಾ ಕರೆನಿನಾ'ದ ನಾಲ್ಕನೆಯ ಭಾಗ ನೋಡಿ. ಪ್ರಿಯಕರ ವ್ರೋನ್‌ಸ್ಕಿಯ ಹೆಣ್ಣುಮಗುವನ್ನು ಹೆತ್ತು ಬಾಣಂತಿ ಜ್ವರದಲ್ಲಿ ಬೇಯುವ ಅನ್ನಾ, ಬಂದು ಕ್ಷಮಿಸೆಂದು ಗಂಡನಿಗೆ ತಂತಿ ಕೊಡಿಸುತ್ತಾಳೆ. ಕರೆನಿನ್‌ಗೆ ಇದೂ ಒಂದು ನಾಟಕವೇನೋ ಎಂಬ ಗುಮಾನಿ. ಪೀಟರ್ಸ್‌ಬರ್ಗಿನ ಮನೆಗೆ ಬಂದು, ಹೆರಿಗೆ ಸುಸೂತ್ರವಾಯಿತೆಂದು ಬಾಗಿಲಿನ ಆಳಿನಿಂದ ಕೇಳಿದಾಗಲೇ, ಅವಳ ಸಾವನ್ನು ತಾನೆಷ್ಟು ಬಯಸಿದ್ದೆನೆಂದು ಅವನಿಗೆ ತಿಳಿಯುವುದು. ಅಂಥವನು ಹಾಸಿಗೆಯ ಪಕ್ಕ ಮಂಡಿಯೂರಿ ಬಿಕ್ಕಿ ಅಳುತ್ತಾನೆ. ಮುಖ ಮುಚ್ಚಿಕೊಂಡ ವ್ರೋನ್‌ಸ್ಕಿಯ ಕೈಗಳನ್ನು ತಾನೇ ಸರಿಸಿ, ತನ್ನ ಕೈ ಚಾಚುತ್ತಾನೆ.

ಕ್ಷಮೆಯೇ ಮದ್ದು ಎನ್ನುವವರಿಗೆ ಇಲ್ಲಿ ಗಟ್ಟಿ ಪುರಾವೆ ಸಿಗುತ್ತದೆ. ಕಡತ, ಕಾನೂನು, ಮರ್ಯಾದೆಯಲ್ಲೇ ಆಯುಷ್ಯ ಸವೆಸಿದ ಆ ಅಧಿಕಾರಿಗೆ ಎಂದೂ ಕಾಣದ ನೆಮ್ಮದಿ ದೊರಕುತ್ತದೆ. ಯಾರಿಗೂ ಬೇಡವಾಗಿದ್ದ ಹಸುಗೂಸಿನ ಕೋಣೆಗೆ ದಿನಕ್ಕೆ ಹಲವು ಸಲ ಹೋಗುತ್ತಾನೆ. ಒಮ್ಮೊಮ್ಮೆ ಅರ್ಧ ಗಂಟೆ ಅದರ ಸುಕ್ಕುಮುಖ ನೋಡುತ್ತ ಕೂರುತ್ತಾನೆ. ಮಗುವಿನ ಅಳು ನಿಲ್ಲದಿದ್ದಾಗ ಡಾಕ್ಟರರನ್ನು ಕರೆಸುತ್ತಾನೆ. ತೊಂದರೆ ಇದ್ದದ್ದು ಹಾಲೂಡುವ ದಾದಿಯಲ್ಲಿ, ಅವಳಿಗೆ ಹಾಲೇ ಸಾಲದು. ಅವನ ಕಾಳಜಿ ಇಲ್ಲದಿದ್ದರೆ ಆ ಮಗು ಉಳಿಯುತ್ತಿರಲಿಲ್ಲ.

ಆದರೆ ಕ್ಷಮೆ ಪಡೆದವರ ಗತಿ? ವ್ರೋನ್‌ಸ್ಕಿ ಅವಮಾನ ತಾಳದೆ ಮನೆಗೆ ಹೋಗಿ ಎದೆಗೆ ಗುಂಡು ಹಾರಿಸಿಕೊಳ್ಳುತ್ತಾನೆ. ಗುರಿ ತಪ್ಪಿ ಬದುಕುತ್ತಾನೆ. ಅನ್ನಾ ಗುಣವಾಗುತ್ತಾಳೆ, ಗುಣವಾದಂತೆಲ್ಲ ಗಂಡನ ಮುಖ ನೋಡಲು ಅಂಜುತ್ತಾಳೆ. ಅವನ ಒಳ್ಳೆಯತನವನ್ನೇ ದ್ವೇಷಿಸುತ್ತೇನೆಂದು ಅಣ್ಣ ಸ್ತೀವನ ಬಳಿ ಹೇಳಿಕೊಳ್ಳುತ್ತಾಳೆ. ಕೃತಘ್ನಳೆಂದು ಬೈಯುವುದು ಸುಲಭ. ಆದರೆ ಅವಳು ಕ್ಷಮೆ ಕೇಳಿದ್ದು ಸಾಯುವವಳಾಗಿ, ಅವನು ಕೊಟ್ಟದ್ದೂ ಸಾಯುವವಳಿಗೆ. ಬದುಕಿ ಉಳಿದು, ಸಾಲ ಕೊಟ್ಟವನ ಮನೆಯಲ್ಲೇ ಬಿಡಾರ ಹೂಡಿದಂತೆ ದಿನವೂ ಆ ಔದಾರ್ಯದ ಎದುರು ಕೂರಬೇಕಾದೀತೆಂದು ಇಬ್ಬರೂ ಎಣಿಸಿರಲಿಲ್ಲ.

ತಪ್ಪು ಕ್ಷಮೆಯದಲ್ಲ, ಊರಿನದು ಎನ್ನಬಹುದು. ಕ್ಷಮಿಸಿದ ಗಂಡನನ್ನು ನೋಡಿ ಪೀಟರ್ಸ್‌ಬರ್ಗ್ ನಕ್ಕಿತು. ಅಂದಿನ ರಷ್ಯದಲ್ಲಿ ಇಂಥ ಪ್ರಕರಣಗಳಲ್ಲಿ ವಿಚ್ಛೇದನಕ್ಕೆ ಒಬ್ಬರ ಮೇಲೆ ವ್ಯಭಿಚಾರ ಸಾಬೀತಾಗಬೇಕಿತ್ತು, ತಪ್ಪಿತಸ್ಥರು ಮರುಮದುವೆ ಆಗುವಂತಿರಲಿಲ್ಲ. ಆ ಕಳಂಕವನ್ನೂ ಹೊರಲು ಕರೆನಿನ್ ಸಿದ್ಧನಾದ. ಅನ್ನಾ ಅದನ್ನೂ ಒಲ್ಲದೆ ವ್ರೋನ್‌ಸ್ಕಿಯೊಡನೆ ಪರದೇಶಕ್ಕೆ ಹೊರಟುಹೋದಳು. ಮುಂದೆ ಅವಳೇ ವಿಚ್ಛೇದನ ಬಯಸಿದಾಗ, ಕೌಂಟೆಸ್ ಲಿಡಿಯಾಳ ಭಕ್ತಿಕೂಟಕ್ಕೆ ಸೇರಿದ್ದ ಕರೆನಿನ್ ಕೊಡಲಿಲ್ಲ. ಧರ್ಮದ ಮಾತು ಹೆಚ್ಚಾದಷ್ಟೂ ಆ ಮನುಷ್ಯನಲ್ಲಿ ಕರುಣೆ ಕಡಿಮೆಯಾಯಿತು.

ಇನ್ನು ಡಾಲಿ. ಗಂಡ ಸ್ತೀವನನ್ನು ಕ್ಷಮಿಸುವಂತೆ ಅವಳನ್ನು ಒಪ್ಪಿಸಿದವಳು ಇದೇ ಅನ್ನಾ. ಮನೆ ಉಳಿಯಿತು, ಸ್ತೀವ ಮಾತ್ರ ಬದಲಾಗಲಿಲ್ಲ.

ಹಾಗಾಗಿ ಈ ಕಾದಂಬರಿಯ ಮಟ್ಟಿಗೆ ನನ್ನ ತೀರ್ಪು ಇಷ್ಟು: ಕ್ಷಮೆ ಗುಣಪಡಿಸಿದ್ದು ಕೊಟ್ಟವನನ್ನು, ಅದೂ ಕೆಲವೇ ದಿನಗಳ ಮಟ್ಟಿಗೆ. ಪಡೆದವರಿಗೆ ಅದು ಹೊರೆಯಾಯಿತು. ಪೂರಾ ಲಾಭ ಸಿಕ್ಕಿದ್ದು ಕ್ಷಮೆ ಕೇಳದ, ತಪ್ಪೇ ಮಾಡದ ಒಂದು ಜೀವಕ್ಕೆ. ಅನ್ನಾ ರೈಲಿನಡಿ ಹಾರಿ ಸತ್ತ ಮೇಲೆ ಆ ಹುಡುಗಿಯನ್ನು ತನ್ನ ಮನೆಗೆ ಕರೆದೊಯ್ದವನು ಕರೆನಿನ್ನೇ.