ಓದಿ ಸಹಿ ಹಾಕಿ

ಮೂವತ್ತು ವರ್ಷದಿಂದ ಬ್ಯಾಂಕಿನಲ್ಲಿ ಕುಳಿತು ಗ್ರಾಹಕರಿಗೆ ನಾನು ಹೇಳುತ್ತಾ ಬಂದದ್ದು ಒಂದೇ ಮಾತು: "ಓದಿ ಸಹಿ ಹಾಕಿ." ಕಳೆದ ವರ್ಷ ನವಿ ಮುಂಬಯಿಯ ಒಂದು ಆಸ್ಪತ್ರೆಯಲ್ಲಿ ನಾನೇ ಓದದೆ ಸಹಿ ಹಾಕಿದೆ.

ಡೊಂಬಿವಲಿಯ ನನ್ನ ಭಾವನಿಗೆ 78 ವರ್ಷ. ಹೃದಯದಿಂದ ರಕ್ತ ಹೊರಹೋಗುವ ಬಾಗಿಲು, ಅಂದರೆ ಅಯೋರ್ಟಿಕ್ ವಾಲ್ವ್, ಗಟ್ಟಿಯಾಗಿ ಬಿಗಿದುಕೊಂಡಿತ್ತು. ಸ್ಟೇಷನ್ ಸೇತುವೆ ಹತ್ತಿದರೆ ಏದುಸಿರು. ಈ ವಯಸ್ಸಿನಲ್ಲಿ ಎದೆ ತೆರೆಯುವುದು ಬೇಡವೆಂದು ತೊಡೆಸಂದಿಯ ರಕ್ತನಾಳದ ಮೂಲಕ ಹೊಸ ವಾಲ್ವ್ ಕೂರಿಸಿದರು. ಇದಕ್ಕೆ 'ಟಾವಿ' ಅನ್ನುತ್ತಾರೆ. 2002ರಲ್ಲಿ ಫ್ರಾನ್ಸಿನ ಡಾ. ಅಲೆನ್ ಕ್ರಿಬಿಯೆ ಮೊದಲು ಮಾಡಿದ ಚಿಕಿತ್ಸೆ. ಈಗ ಗುಜರಾತಿನ ವಾಪಿಯಲ್ಲೇ ಇಂಥ ವಾಲ್ವ್ ತಯಾರಾಗುತ್ತದೆ.

ಮರುದಿನ ಭಾವ ಎದ್ದು ಕುಳಿತು ಚಹಾ ಕುಡಿದರು. ಮೂರನೇ ದಿನ ನಾಡಿ 38ಕ್ಕೆ ಇಳಿಯಿತು. ಪೇಸ್‌ಮೇಕರ್ ಹಾಕಬೇಕು ಅಂದರು. "ಇದನ್ನು ಮೊದಲೇ ಹೇಳ್ಲಿಲ್ವಾ ಮಾರಾಯ?" ಅಂದಳು ಅಕ್ಕ. ಹೇಳಿದ್ದರು... ಪ್ಯಾಕೇಜ್ ಕಾಗದದ ಕೊನೆಯಲ್ಲಿ, ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ, 'ತೊಡಕಾದರೆ ಖರ್ಚು ಬೇರೆ' ಎಂದು.

ಡಾಕ್ಟರರ ತಪ್ಪೇನೂ ಅಲ್ಲ. ಬಡಿತದ ಸಂಕೇತ ಒಯ್ಯುವ ನಾರು ಆ ವಾಲ್ವಿನ ಪಕ್ಕದಲ್ಲೇ ಇದೆ. ಹೊಸ ವಾಲ್ವ್ ಅರಳುವಾಗ ಅದು ಒತ್ತಿಹೋಗಬಹುದು. ತೊಡೆಸಂದಿಯಲ್ಲಿ ರಕ್ತಸ್ರಾವ, ವಾಲ್ವಿನ ಅಂಚಿನಲ್ಲಿ ಸೋರಿಕೆ, ಚೂರೊಂದು ಮೆದುಳಿಗೆ ಹೋಗಿ ಪಾರ್ಶ್ವವಾಯು, ಇವೂ ಗೊತ್ತಿರುವ ತೊಡಕುಗಳೇ. ಹೆಚ್ಚಿನವಕ್ಕೆ ಚಿಕಿತ್ಸೆ ಉಂಟು, ಆದರೆ ತಡಮಾಡಬಾರದು.

ಕೊಟ್ಟ ಸಾಲ ಮುಳುಗಬಹುದೆಂದು ಬ್ಯಾಂಕು ಮೊದಲೇ ಹಣ ತೆಗೆದಿಡುತ್ತದೆ, ಪ್ರಾವಿಷನ್ ಅನ್ನುತ್ತೇವೆ. ರೋಗಿಯ ಮನೆಯವರಿಗೂ ಅದು ಬೇಕು ಎಂಬುದು ನನ್ನ ಅಭಿಪ್ರಾಯ. ವಾಲ್ವಿನ ಬೆಲೆ ಮಾತ್ರ ಕೇಳಬೇಡಿ. ಪೇಸ್‌ಮೇಕರ್ ಬೇಕಾದರೆ ಎಷ್ಟು? ಹೃದಯದ ಸರ್ಜನ್, ರಕ್ತನಾಳದ ಸರ್ಜನ್ ಆ ದಿನ ಅಲ್ಲೇ ಇರುತ್ತಾರಾ? ವಿಮೆ ಯಾವುದಕ್ಕೆ ಸಿಗುತ್ತದೆ? ಉತ್ತರವನ್ನು ಬರಹದಲ್ಲಿ ಕೇಳಿ. ಆಸ್ಪತ್ರೆಯವರೂ ಇದನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ, ಎದುರು ಕೂರಿಸಿಕೊಂಡು ಹೇಳಬೇಕು.

ಇನ್ನೊಂದು ಮಾತು. ಬಡಿತದ ತೊಂದರೆ ಮನೆಗೆ ಬಂದ ಕೆಲವು ದಿನಗಳ ಮೇಲೂ ಬರಬಹುದು. ತಲೆಸುತ್ತು, ಮಾತು ತೊದಲುವುದು, ತೊಡೆಸಂದಿಯಲ್ಲಿ ಊತ, ಜ್ವರ ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಕಲ್ಯಾಣ, ಡೊಂಬಿವಲಿಯವರಿಗೆ ಶಿಳ್‌ಫಾಟಾದ ಟ್ರಾಫಿಕ್ ಗೊತ್ತಿದ್ದದ್ದೇ. ಆಸ್ಪತ್ರೆಯ ಹತ್ತಿರ ನೆಂಟರ ಮನೆ ಇದ್ದರೆ ಒಂದು ವಾರ ಅಲ್ಲೇ ಉಳಿಯಿರಿ.

ಭಾವ ಈಗ ಸೇತುವೆ ಹತ್ತಿ ತರಕಾರಿ ತರುತ್ತಾರೆ. ಅಕ್ಕ ಮಾತ್ರ ಯಾವ ಕಾಗದ ಬಂದರೂ ನನ್ನನ್ನೇ ಕೇಳುತ್ತಾಳೆ: "ಪೂರ್ತಿ ಓದಿದ್ಯಾ?"